ದಣಪೆಯಿಂದ ಡಾಂಬರು ರಸ್ತೆಯವರೆಗೆ: ಒಂದು ಕಾರು ಕೊಂಡ ಪ್ರಕರಣ

ಅಕ್ಕನ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಡಾಂಬರು ರಸ್ತೆಯಿಂದ ಕೆಳಗೆ, ತೋಟದ ಅಂಚಿನಲ್ಲಿದೆ. ಅಂಗಳದಿಂದ ಹೊರಟ ಗಾಡಿ ದಣಪೆ (ಗಳು ಸರಿಸಿ ದಾಟುವ ಬೇಲಿಯ ಬಾಗಿಲು) ದಾಟಿ, ಮೋರಿಯ ಉಬ್ಬು ಹತ್ತಿಳಿದು, ಆಮೇಲೆ ಧರೆ ಕಡಿದು ಮಾಡಿದ ಕೆಂಪು ಮಣ್ಣಿನ ಏರು ಹತ್ತಬೇಕು. ಏರು ಮುಗಿಯುವಲ್ಲೇ ಡಾಂಬರು ರಸ್ತೆ ಅಡ್ಡ ಬರುತ್ತದೆ, ಅದೂ ತಿರುವಿನಲ್ಲಿ. ಬಲಗಡೆಯಿಂದ ಬರುವ ಬಸ್ಸು ಕಾಣುವುದಿಲ್ಲ, ಹಾರ್ನ್ ಕೇಳಿಸಿದರೆ ಪುಣ್ಯ. ಹಾಗಾಗಿ ಎಂಥ ಅವಸರವಿದ್ದರೂ ಏರಿನ ತುದಿಯಲ್ಲಿ ನಿಲ್ಲಿಸಿ, ಇಣುಕಿ ನೋಡಿ, ಮತ್ತೆ ಎತ್ತಬೇಕು. ಒಟ್ಟು ನೂರೈವತ್ತು ಮೀಟರ್ ಇದ್ದೀತು. ಹನ್ನೆರಡು ಲಕ್ಷದ ವ್ಯವಹಾರ ಕೊನೆಗೆ ತೀರ್ಮಾನವಾದದ್ದು ಈ ನೂರೈವತ್ತು ಮೀಟರಿನಲ್ಲಿ. ಶೋರೂಮಿನಲ್ಲಿ ಕಳೆದ ಎರಡು ದಿನಗಳಲ್ಲಿ ನಮಗೆ ಸಿಕ್ಕಿದ್ದು ಕಾಫಿ ಮತ್ತು ಕ್ಯಾಟಲಾಗು.

ಅಕ್ಕ ಹೈಸ್ಕೂಲ್ ಟೀಚರು. ಮನೆಯ ಕಾರು ಓಡಿಸುವವಳೂ ಅವಳೇ. ಭಾವನಿಗೆ ಸ್ಟಿಯರಿಂಗ್ ಹಿಡಿದರೆ ಬೆವರು. ಮನೆಯಲ್ಲಿದ್ದದ್ದು 2009ರ ಚಿಕ್ಕ ಕಾರು. ಹದಿನಾರು ವರ್ಷ ಕ್ಲಚ್ ತುಳಿದು ಅಕ್ಕನ ಎಡ ಮಂಡಿ ಸೋತಿತ್ತು. "ಎಡಗಾಲು ಸಾಕಾಯ್ತು ಕಣೋ, ಈ ಸಲ ಆಟೋಮ್ಯಾಟಿಕ್ಕೇ" ಎಂದಳು. ಭಾವನದ್ದು ಒಂದೇ ಪ್ರಶ್ನೆ, "ಮೈಲೇಜ್ ಎಷ್ಟು ಕೊಡ್ತದಂತೆ ಮಾರಾಯ?" ಮಣಿಪಾಲದಲ್ಲಿ ಓದುತ್ತಿರುವ ಅಕ್ಕನ ಮಗಳಿಗೆ ಸನ್‌ರೂಫ್, ಎಂದರೆ ಚಾವಣಿಯಲ್ಲಿ ತೆರೆಯುವ ಕಿಂಡಿ, ಬೇಕು. ಇನ್ನುಳಿದವರು ಅಕ್ಕನ ಅತ್ತೆ. ನಾವೆಲ್ಲ ಅವರನ್ನು ಅಮ್ಮ ಅಂತಲೇ ಕರೆಯುವುದು. ಎಪ್ಪತ್ತೆಂಟು ವಯಸ್ಸು, ಎರಡೂ ಮಂಡಿ ನೋವು. ಅವರು ಏನನ್ನೂ ಕೇಳಲಿಲ್ಲ. "ನಾನೆಲ್ಲಿಗೆ ಹೋಗ್ತೇನೆ, ಡಾಕ್ಟ್ರ ಹತ್ರ ಬಿಟ್ರೆ" ಎಂದರು ಅಷ್ಟೆ. ಆದರೆ ಹೊಸ ಕಾರು ಬೇಕಾಗಿದ್ದೇ ಅವರನ್ನು ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಬರಲು. ಉಳಿದವರ ಬೇಡಿಕೆಗಳ ಗಲಾಟೆಯಲ್ಲಿ ಇದೊಂದು ಮಾತು ಮೊದಲ ವಾರ ಯಾರ ಬಾಯಲ್ಲೂ ಬರಲಿಲ್ಲ, ನನ್ನದರಲ್ಲೂ.

ನಾನು ಹನ್ನೊಂದು ವರ್ಷ ವರ್ಕ್‌ಶಾಪಿನಲ್ಲಿ ಸರ್ವಿಸ್ ಅಡ್ವೈಸರ್ ಆಗಿದ್ದವನು. ಗಿರಾಕಿ ಕಾರಿನ ಬಗ್ಗೆ ನಿಜ ಬಾಯಿಬಿಡುವುದು ಮೊದಲ ಸರ್ವಿಸ್‌ಗೆ ಬಂದಾಗ. "ಟೆಸ್ಟ್ ಡ್ರೈವ್‌ನಲ್ಲಿ ಹೀಗಿರಲಿಲ್ಲ ಸಾರ್" ಎನ್ನುವ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಅವರು ಹೇಳುವುದು ಸುಳ್ಳೂ ಅಲ್ಲ. ಟೆಸ್ಟ್ ಡ್ರೈವ್‌ನಲ್ಲಿ ಹಾಗೆ ಇರಲು ಬಿಟ್ಟಿರುವುದಿಲ್ಲ.

ಶಿವಮೊಗ್ಗದ ಎರಡು ದಿನ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿಯಿತು. ಅದಕ್ಕೆ ಮೊದಲು 28 ಪರ್ಸೆಂಟ್, ಮೇಲೆ ಸೆಸ್. ಇಲ್ಲಿ ಸಣ್ಣ ಕಾರು ಎಂದರೆ ಉದ್ದ 4 ಮೀಟರ್ ಮೀರದ್ದು, ಪೆಟ್ರೋಲ್ ಆದರೆ ಎಂಜಿನ್ 1200 ಸಿಸಿ ಒಳಗಿನದ್ದು. ನವರಾತ್ರಿ ಶುರುವಾದದ್ದೂ ಅವತ್ತೇ. ನಾವು ಆ ವಾರವೇ ಶಿವಮೊಗ್ಗಕ್ಕೆ ಹೋದೆವು. ಶೋರೂಮುಗಳಲ್ಲಿ ಜಾತ್ರೆ. ಇಂಥ ಹೊತ್ತಿನಲ್ಲಿ ಮಾರುವವನಿಗೆ ನಿಮ್ಮ ಅಗತ್ಯವೇನೂ ಇರುವುದಿಲ್ಲ. "ಆಯುಧಪೂಜೆಗೆ ಗಾಡಿ ಬೇಕು ಅಂದ್ರೆ ಇವತ್ತೇ ಬುಕ್ ಮಾಡ್ಬೇಕು ಮೇಡಂ" ಎಂಬ ಒಂದೇ ಮಂತ್ರ ಮೂರೂ ಕಡೆ ಕೇಳಿತು. ಅಕ್ಕ ಒಂದು ಕ್ಷಣ ಪರ್ಸಿಗೆ ಕೈ ಹಾಕಿದ್ದೂ ಹೌದು. ನಾನು ಕಣ್ಣು ಬಿಟ್ಟೆ.

ಮೂರು ಕಾರು ನೋಡಿದೆವು. ಕಂಪನಿಗಳ ಹೆಸರು ಇಲ್ಲಿ ಬೇಡ. ಬಣ್ಣದಲ್ಲೇ ಕರೆಯುತ್ತೇನೆ. ಕೆಂಪು ಕಾರು ಪುಟ್ಟ ಎಸ್‌ಯುವಿ ಆಕಾರದ್ದು, ಎಎಂಟಿ ಗೇರ್‌ಬಾಕ್ಸ್. ಬೆಳ್ಳಿ ಬಣ್ಣದ್ದು ಚಿಕ್ಕ ಸೆಡಾನ್, ಸಿವಿಟಿ. ಬಿಳಿಯದು ಸ್ವಲ್ಪ ದೊಡ್ಡ ಎಸ್‌ಯುವಿ, ಟರ್ಬೊ ಪೆಟ್ರೋಲ್, ಅದಕ್ಕೂ ಸಿವಿಟಿ.

ಆಟೋಮ್ಯಾಟಿಕ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಯಂತ್ರಗಳನ್ನು ಮಾರುತ್ತಾರೆ ಎಂಬುದನ್ನು ಅಕ್ಕನಿಗೆ ಅಲ್ಲೇ ಕಾಫಿ ಕುಡಿಯುತ್ತಾ ವಿವರಿಸಿದೆ. ಎಎಂಟಿ ಎಂದರೆ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ಚೂ ಅದೇ. ತುಳಿಯಲು ನಿನ್ನ ಕಾಲಿನ ಬದಲು ಒಂದು ಯಂತ್ರದ ಕಾಲು ಇದೆ, ಅಷ್ಟೆ. ನಮ್ಮ ದೇಶದಲ್ಲಿ 2014ರಲ್ಲಿ ಸೆಲೆರಿಯೊ ಕಾರಿನೊಂದಿಗೆ ಇದು ಸಾಮಾನ್ಯರ ಕೈಗೆಟುಕಿತು. ಅಗ್ಗ, ಮೈಲೇಜೂ ಮ್ಯಾನುಯಲ್‌ನಷ್ಟೇ. ಆದರೆ ಗೇರ್ ಬದಲಾಗುವಾಗ ತಲೆ ಒಮ್ಮೆ ಮುಂದಕ್ಕೆ ತೂಗುತ್ತದೆ. ಸಿವಿಟಿಯಲ್ಲಿ ಹಲ್ಲಿನ ಗೇರುಗಳ ಸರಣಿಯೇ ಇಲ್ಲ. ಎರಡು ರಾಟೆ, ನಡುವೆ ಉಕ್ಕಿನ ಪಟ್ಟಿ. ರಾಟೆಗಳ ಅಗಲ ಕುಗ್ಗಿ ಹಿಗ್ಗಿ ವೇಗ ಹೊಂದುತ್ತದೆ. ಬೆಣ್ಣೆಯ ಹಾಗೆ ಹೋಗುತ್ತದೆ. ಜೋರಾಗಿ ತುಳಿದರೆ ಮಾತ್ರ ಮೊದಲು ಎಂಜಿನ್ ಕೂಗುತ್ತದೆ, ಗಾಡಿ ಓಡುವುದು ಆಮೇಲೆ.

"ಬೆಣ್ಣೆಯದ್ದೇ ತಗೊಳ್ಳುವ" ಎಂದಳು ಅಕ್ಕ. ಕೆಂಪು ಕಾರಿಗಿಂತ ಅದಕ್ಕೆ ಎಷ್ಟು ಹೆಚ್ಚು ಎಂದು ಕೇಳಿ ಭಾವ ಸುಮ್ಮನಾದರು.

ಟೆಸ್ಟ್ ಡ್ರೈವ್‌ಗೆ ಮೊದಲು ಡ್ರೈವಿಂಗ್ ಲೈಸೆನ್ಸಿನ ನಕಲು ತೆಗೆದುಕೊಂಡು ಒಂದು ಫಾರ್ಮಿಗೆ ಸಹಿ ಹಾಕಿಸಿದರು. ಓದಿ ಸಹಿ ಹಾಕಿ. ಗಾಡಿಗೆ ಪೆಟ್ಟಾದರೆ ಯಾರ ಖರ್ಚು ಎಂಬ ಸಾಲು ಅದರಲ್ಲಿ ಇರುತ್ತದೆ. ಒಂದು ಫಾರ್ಮಿನಲ್ಲಿ ಪೂರ್ತಿ ನಮ್ಮದೇ ಎಂದಿತ್ತು. ಇನ್ಶೂರೆನ್ಸ್ ಇದೆಯಾ ಎಂದು ಕೇಳಿದೆ. ಇದೆ ಎಂದರು. ಹಾಗಾದರೆ ಈ ಸಾಲು ಹೊಡೆಯಿರಿ ಎಂದೆ. ಮ್ಯಾನೇಜರ್ ಬಂದು ಹೊಡೆದರು.

ಮೂರೂ ಕಡೆಯ ದಾರಿ ಹೆಚ್ಚುಕಡಿಮೆ ಒಂದೇ ಥರ. ಶೋರೂಮಿನಿಂದ ಎಡಕ್ಕೆ, ನೆಟ್ಟಗಿನ ಅಗಲ ರಸ್ತೆಯಲ್ಲಿ ಎರಡು ಕಿಲೋಮೀಟರ್, ಯೂ ಟರ್ನ್, ವಾಪಸ್. ಪಕ್ಕದಲ್ಲಿ ಕೂತ ಹುಡುಗ ಏಸಿಯನ್ನು ತಣ್ಣಗೆ ಮಾಡಿ, ಹಾಡು ಹಾಕಿ, "ಸೌಂಡ್ ಕ್ವಾಲಿಟಿ ನೋಡಿ ಮೇಡಂ" ಎನ್ನುತ್ತಾನೆ. ಆ ಹಾಡು ಮುಗಿಯುವಷ್ಟರಲ್ಲಿ ಶೋರೂಮು ಬಂದಿರುತ್ತದೆ. ಎಂಜಿನ್ ಸದ್ದು, ಟಯರ್ ಸದ್ದು, ಗುಂಡಿಗೆ ಬಿದ್ದಾಗ ಸಸ್ಪೆನ್ಶನ್ನಿನ ಸದ್ದು ಯಾವುದೂ ಕಿವಿಗೆ ಬಿದ್ದಿರುವುದಿಲ್ಲ. ನಾನು ಹಿಂದಿನ ಸೀಟಿನಿಂದ ಕೈ ಚಾಚಿ ಹಾಡು ನಿಲ್ಲಿಸಿದೆ. ಹುಡುಗನ ಮುಖ ಬಾಡಿತು.

ಆ ಚಿಕ್ಕ ಓಟದಲ್ಲೂ ಕೆಲವು ಗೊತ್ತಾದವು. ಕೆಂಪು ಕಾರಿನಲ್ಲಿ ಮುಂಗಾಜಿನ ಪಕ್ಕದ ಕಂಬ ದಪ್ಪ. ಅಕ್ಕನ ಎತ್ತರಕ್ಕೆ ಬಲ ತಿರುವಿನಲ್ಲಿ ಒಂದು ಬೈಕ್ ಪೂರ್ತಿ ಅದರ ಹಿಂದೆ ಅಡಗಿತು. ಸೀಟು ಎತ್ತರಿಸಿದ ಮೇಲೆ ಸರಿಹೋಯಿತು, ಆದರೆ ಸೀಟು ಎತ್ತರಿಸುವ ಲಿವರ್ ಕೆಳಗಿನ ವೇರಿಯಂಟಿನಲ್ಲಿ, ಎಂದರೆ ಅದೇ ಕಾರಿನ ಕಡಿಮೆ ಬೆಲೆಯ ಮಾದರಿಯಲ್ಲಿ, ಇಲ್ಲವಂತೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಟೆಸ್ಟ್ ಡ್ರೈವ್‌ಗೆ ಇಡುವುದು ಸಾಮಾನ್ಯವಾಗಿ ಟಾಪ್ ವೇರಿಯಂಟ್. ನಾವು ಕೊಳ್ಳುವುದು ನಡುವಿನದ್ದು. ಟಯರಿನ ಅಳತೆ ಬೇರೆ ಇರಬಹುದು, ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಇಲ್ಲದಿರಬಹುದು, ಹಿಂದಿನ ವೈಪರ್ ಇಲ್ಲದಿರಬಹುದು. ಓಡಿಸಿದ್ದು ಒಂದು, ಮನೆಗೆ ಬರುವುದು ಇನ್ನೊಂದು. ನಾನು ಒಂದು ಚೀಟಿಯಲ್ಲಿ ಈ ವ್ಯತ್ಯಾಸಗಳನ್ನು ಗುರುತು ಹಾಕಿಕೊಂಡೆ. ಎಲ್ಲವನ್ನೂ ಹಾಕಿಕೊಂಡೆ ಎಂದೇ ಆಗ ಭಾವಿಸಿದ್ದೆ.

ಅಕ್ಕನ ಮಗಳು ಫೋನಿನಲ್ಲಿ ಭಾರತ್ ಎನ್‌ಕ್ಯಾಪ್ ಸುರಕ್ಷತೆಯ ನಕ್ಷತ್ರಗಳನ್ನು ಎಣಿಸುತ್ತಿದ್ದಳು. 2023ರ ಅಕ್ಟೋಬರ್ 1ರಿಂದ ನಮ್ಮಲ್ಲೇ ಶುರುವಾದ ಈ ಪರೀಕ್ಷೆಯಲ್ಲಿ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರನ್ನು ತಡೆಗೋಡೆಗೆ ಗುದ್ದಿಸುತ್ತಾರೆ, ಪಕ್ಕದಿಂದ 50ರ ವೇಗದಲ್ಲಿ ಗುದ್ದು ಕೊಡುತ್ತಾರೆ. ಒಳ್ಳೆಯ ಕೆಲಸ ಮಾಡಿದಳು. ನಾವು ಪಟ್ಟಿ ಮಾಡಿದ್ದ ಇನ್ನೊಂದು ಕಾರು ಅದರಿಂದಾಗಿಯೇ ಬಿಟ್ಟುಹೋಯಿತು. ನಾನು ಅದರ ಗೇರ್‌ಬಾಕ್ಸಿಗೆ ಮರುಳಾಗಿದ್ದೆ.

ಎರಡನೇ ದಿನ ಸಂಜೆ ಮೂರೂ ಶೋರೂಮಿನವರಿಗೆ ಒಂದೇ ಮಾತು ಹೇಳಿದೆ. ಗಾಡಿ ತೀರ್ಥಹಳ್ಳಿಗೆ ತನ್ನಿ, ನಮ್ಮ ಮನೆ ದಾರಿಯಲ್ಲಿ, ನಮ್ಮ ಮನೆಯ ಐದು ಜನ ಕೂತು ಓಡಿಸುತ್ತೇವೆ. ಸುಮಾರು ಅರವತ್ತು ಕಿಲೋಮೀಟರ್ ದಾರಿ. ಸೆಡಾನಿನವರು "ಹತ್ತು ಕಿಲೋಮೀಟರ್ ಮೇಲೆ ಕೊಡಲ್ಲ ಸಾರ್" ಎಂದು ಕೈ ಮುಗಿದರು. ಕೆಂಪು ಮತ್ತು ಬಿಳಿಯವರು, ಹಬ್ಬದ ಗದ್ದಲ ಇಳಿಯಲಿ, ಆಮೇಲೆ ತರುತ್ತೇವೆ ಎಂದರು. ಆಯುಧಪೂಜೆಗೆ ಅಕ್ಕ ಹಳೆಯ ಕಾರಿಗೇ ಕುಂಬಳಕಾಯಿ ಒಡೆದಳು.

ಅಂಗಳದಲ್ಲಿ

ಅಕ್ಟೋಬರ್ ಎರಡನೇ ವಾರ ಕೆಂಪು ಕಾರು ಬಂತು, ಮುಂದಿನ ದಿನ ಬಿಳಿಯದು. ಕೆಂಪು ಹಲಗೆಯ ಮೇಲೆ ಬಿಳಿ ಅಕ್ಷರದ ನಂಬರ್ ಪ್ಲೇಟು ನೋಡಿ ಪಕ್ಕದ ಮನೆಯವರು "ಯಾರ ಗಾಡಿ ಇದು?" ಎಂದು ಕೇಳಿಕೊಂಡು ಬಂದರು. ಡೀಲರರ ವಶದಲ್ಲಿರುವ ಗಾಡಿಗೆ ಹಾಕುವ ಪ್ಲೇಟು ಅದು.

ಮೊದಲ ಪರೀಕ್ಷೆಗೆ ಎಂಜಿನ್ ಸ್ಟಾರ್ಟೇ ಮಾಡಲಿಲ್ಲ. ಅಮ್ಮನನ್ನು ಹತ್ತಿಸಿದೆವು.

ಅಮ್ಮ ದಿನಾ ಕೂರುವ ಕುರ್ಚಿಯನ್ನು ಹಿಂದಿನ ರಾತ್ರಿಯೇ ಟೇಪು ಹಿಡಿದು ಅಳೆದಿಟ್ಟಿದ್ದೆ. ನೆಲದಿಂದ ಸೀಟಿಗೆ 18 ಇಂಚು. ಅದರಿಂದ ಏಳುವಾಗ ಎರಡೂ ಕೈ ಊರಿ ಒಂದೇ ಸಲಕ್ಕೆ ಏಳುತ್ತಾರೆ. ಹಳೆಯ ಕಾರಿನ ಸೀಟು ಅದಕ್ಕಿಂತ ಸ್ವಲ್ಪ ಹೆಚ್ಚು. ಅವರು ಕಾರಿಗೆ ಹತ್ತುವ ಕ್ರಮ ಹೀಗೆ: ಬೆನ್ನು ತಿರುಗಿಸಿ ನಿಲ್ಲುವುದು, ಮೆಲ್ಲಗೆ ಕೂರುವುದು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಡುವುದು. ಕೆಂಪು ಕಾರಿನ ಸೀಟು 25 ಇಂಚು ಬಂತು, ಬಿಳಿಯದು 26. ಅಮ್ಮನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಬೆನ್ನು ತಿರುಗಿಸಿ ನಿಂತರೆ ಸೀಟಿನ ಅಂಚು ಸೊಂಟಕ್ಕೆ ತಾಗಿತೇ ವಿನಾ ಕೂರಲು ಆಗಲಿಲ್ಲ. ಎಸ್‌ಯುವಿ ಎಂದರೆ ವಯಸ್ಸಾದವರಿಗೆ ಸಲೀಸು ಎಂದು ಶೋರೂಮಿನಲ್ಲಿ ಹೇಳಿದ್ದರು. ಸೊಂಟ ನೋವಿನ ಎತ್ತರದ ಗಂಡಸರಿಗೆ ಸಲೀಸು ಇರಬಹುದು.

ಕೆಂಪು ಕಾರಿನ ಬಾಗಿಲು ಗೋಡೆಯ ಬಾಗಿಲಿನ ಹಾಗೆ ಅಗಲಕ್ಕೆ ತೆರೆಯುತ್ತಿತ್ತು. ಹಿಡಿದುಕೊಳ್ಳಲು ಜಾಗ ಸಿಕ್ಕಿ ಹೇಗೋ ಹತ್ತಿದರು. ಬಿಳಿಯದರಲ್ಲಿ ಬಾಗಿಲ ಕೆಳಗಿನ ಹೊಸ್ತಿಲು ದಪ್ಪ. ಕಾಲು ಎತ್ತಿ ದಾಟಿಸುವುದರೊಳಗೆ "ಅಯ್ಯೋ" ಎಂದು ನಿಂತರು. ಭಾವ ತೋಳು ಹಿಡಿಯಲು ಹೋದರೆ ಕೊಡವಿದರು. ಅಲ್ಲಿಗೆ ಬಿಳಿ ಕಾರಿನ ಕಥೆ ಮುಗಿಯಿತು ಅಂದುಕೊಂಡೆ. ಅಮ್ಮ ಎರಡು ನಿಮಿಷ ಕಾರನ್ನೇ ನೋಡಿ, ಜಗಲಿಯ ಕಡೆ ಕೈ ತೋರಿಸಿ, "ಆ ಮಣೆ ತಾ" ಎಂದರು. ಅಡಿಕೆ ಸುಲಿಯುವಾಗ ಕೂರುವ ಹಲಸಿನ ಮಣೆ, ನಾಲ್ಕೂವರೆ ಇಂಚು ಎತ್ತರ. ಬಾಗಿಲ ಬುಡದಲ್ಲಿ ಇಟ್ಟೆ. ಅದರ ಮೇಲೆ ನಿಂತು, ಬೆನ್ನು ತಿರುಗಿಸಿ, ಕೂತೇಬಿಟ್ಟರು. "ಇದೊಂದನ್ನ ಡಿಕ್ಕಿಯಲ್ಲಿ ಹಾಕಿಟ್ರೆ ಆಯ್ತಲ್ಲ." ಸೇಲ್ಸ್ ಹುಡುಗ ಫೋಟೊ ತೆಗೆದುಕೊಂಡ.

ಬೆಲ್ಟ್ ಹಾಕಿಸಿದ್ದು ಇನ್ನೊಂದು ರಾಮಾಯಣ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು ಎಂಬುದು ಕಾನೂನು. ಹಾಕದಿದ್ದರೆ ಹೊಸ ಕಾರು ಕೀಂ ಕೀಂ ಎನ್ನುತ್ತಲೇ ಇರುತ್ತದೆ. ಅದರ ಕೊಂಡಿ ಸೀಟಿನ ಸಂದಿಯಲ್ಲಿ ಹುಗಿದುಹೋಗಿದ್ದರೆ ವಯಸ್ಸಾದವರ ಬೆರಳಿಗೆ ಸಿಗುವುದಿಲ್ಲ. ಕೆಂಪಿನಲ್ಲಿ ಹುಗಿದಿತ್ತು, ಬಿಳಿಯದರಲ್ಲಿ ಗಟ್ಟಿಯಾಗಿ ಮೇಲೆ ನಿಂತಿತ್ತು.

ಏರು

ಕೆಂಪು ಕಾರನ್ನು ಅಕ್ಕ ಒಬ್ಬಳೇ ಮೊದಲು ಹತ್ತಿಸಿದಳು. ಸಲೀಸಾಗಿ ಹೋಯಿತು. ಸೇಲ್ಸ್ ಹುಡುಗ "ನೋಡಿದ್ರಾ" ಎಂಬಂತೆ ನಕ್ಕ. ಎರಡನೇ ಸಲ ಐದು ಜನ ಕೂತೆವು, ಏಸಿ ಹಾಕಿದೆವು. ಮೋರಿಯ ಉಬ್ಬು ತಾಗಲಿಲ್ಲ. ಏರಿನ ತುದಿಯಲ್ಲಿ ಅಕ್ಕ ನಿಲ್ಲಿಸಿದಳು, ಬ್ರೇಕಿನಿಂದ ಕಾಲು ತೆಗೆದು ಕತ್ತು ಚಾಚಿ ಬಲಕ್ಕೆ ನೋಡಿದಳು. ಹಿಲ್ ಹೋಲ್ಡ್ ಬ್ರೇಕನ್ನು ಹಿಡಿದಿಡುವುದು ಸುಮಾರು ಎರಡು ಸೆಕೆಂಡು. ಆ ತಿರುವಿನಲ್ಲಿ ಬಸ್ಸು ಬರುತ್ತಿದೆಯೋ ಇಲ್ಲವೋ ಎಂದು ಖಾತ್ರಿಯಾಗಲು ನಾಲ್ಕೈದು ಸೆಕೆಂಡು ಬೇಕು. ಮೂರನೇ ಸೆಕೆಂಡಿಗೆ ಗಾಡಿ ಹಿಂದಕ್ಕೆ ಹೊರಟಿತು. ಒಂದು ಮೊಳ ಹೋಗಿರಬಹುದು, ಅಷ್ಟರಲ್ಲಿ ಬ್ರೇಕ್ ತುಳಿದಳು. ಹಿಂದಿನಿಂದ ಅಮ್ಮನ "ರಾಮ ರಾಮ" ಕೇಳಿಸಿತು.

ಕಾರಿನಲ್ಲಿ ದೋಷವೇನಿಲ್ಲ. ಎಎಂಟಿಯಲ್ಲಿ ಆಕ್ಸಿಲರೇಟರ್ ಒತ್ತುವ ತನಕ ಕ್ಲಚ್ ಪೂರ್ತಿ ಕಚ್ಚುವುದಿಲ್ಲ. ಯಂತ್ರದ ಸ್ವಭಾವವೇ ಹಾಗೆ. ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರ್ ಕೊಟ್ಟು, ಬಿಟ್ಟರೆ ಜಾರುವುದಿಲ್ಲ. ಅಕ್ಕನಿಗೆ ಮಾಡಿ ತೋರಿಸಿದೆ. ಅವಳೂ ಎರಡು ಸಲ ಸರಿಯಾಗಿ ಮಾಡಿದಳು. ಆದರೆ ಹದಿನಾರು ವರ್ಷ ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ ಅಭ್ಯಾಸವಾದವಳು. ಮೂರನೇ ಸಲ ಆಕ್ಸಿಲರೇಟರನ್ನು ಅರ್ಧ ಒತ್ತಿಯೇ ಗಾಡಿ ಹಿಡಿದಿಟ್ಟಳು. ದಿನಾ ಹಾಗೆ ಮಾಡಿದರೆ ಕ್ಲಚ್ ಕಾದು ಬೇಗ ಸವೆಯುತ್ತದೆ. ವರ್ಕ್‌ಶಾಪಿನಲ್ಲಿ ಇಂಥ ಎಷ್ಟೋ ಬಿಲ್ ನಾನೇ ಬರೆದಿದ್ದೇನೆ.

ಬಿಳಿ ಕಾರು ಬಂದ ದಿನ ಹಿಂದಿನ ಸಂಜೆ ಮಳೆ ಹೊಡೆದಿತ್ತು. ಇದಕ್ಕಿಂತ ಒಳ್ಳೆಯ ಯೋಗ ಬೇಡ. ಏರಿನ ಅರ್ಧಕ್ಕೆ ಬಂದಾಗ ಮುಂದಿನ ಚಕ್ರ ಒಂದು ಜಾರಿತು. ಮೀಟರಿನಲ್ಲಿ ಹಳದಿ ದೀಪ ಪಟಪಟ ಮಿನುಗಿತು, ಎಂಜಿನ್ ಉಸಿರು ಕಟ್ಟಿದ ಹಾಗೆ ಆಯಿತು. ಅಕ್ಕ ಇನ್ನೂ ಒತ್ತಿದಳು, ಗಾಡಿ ಮಾತ್ರ ಅಲ್ಲೇ. "ಕೆಟ್ಟೋಯ್ತಾ?" ಎಂದರು ಭಾವ. ಕೆಟ್ಟಿರಲಿಲ್ಲ. ಚಕ್ರ ಜಾರುತ್ತಿದೆ ಎಂದು ಗೊತ್ತಾದರೆ ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನ್ನಿನ ಬಲವನ್ನು ತಾನೇ ತಗ್ಗಿಸುತ್ತದೆ. ಮಳೆಯಲ್ಲಿ ಹೆದ್ದಾರಿಯ ಮೇಲೆ ಇದು ಜೀವ ಉಳಿಸುವ ಸಂಗತಿ. ಕೆಸರಿನ ಏರಿನಲ್ಲಿ ಮಾತ್ರ ಚಕ್ರ ಸ್ವಲ್ಪ ಸುತ್ತಿ ಕೆಸರು ಎರಚಿದರೇ ಗಟ್ಟಿ ನೆಲ ಸಿಗುವುದು. ಅದನ್ನು ಆರಿಸುವ ಗುಂಡಿ ಎಲ್ಲಿದೆ ಎಂದು ಸೇಲ್ಸ್ ಹುಡುಗನನ್ನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ, ಪಾಪ. ಸ್ಟಿಯರಿಂಗಿನ ಬಲಗಡೆ ಕೆಳಗೆ, ಮೊಣಕಾಲಿನ ಹತ್ತಿರ ಸಿಕ್ಕಿತು. ಒತ್ತಿ, ಹತ್ತು ಅಡಿ ಹಿಂದೆ ಬಂದು, ಒಂದೇ ಹದದಲ್ಲಿ ಎತ್ತಿದಾಗ ಧರೆಗೆಲ್ಲ ಕೆಸರು ಹಾರಿಸಿಕೊಂಡು ಮೇಲೆ ಹೋಯಿತು. ತುದಿಯಲ್ಲಿ ನಿಲ್ಲಿಸಿದಾಗ ಹಿಂದೆ ಸರಿಯಲೇ ಇಲ್ಲ ಎನ್ನಲಾರೆ. ನಾಲ್ಕು ಬೆರಳು ಸರಿದು ನಿಂತಿತು. ಅಕ್ಕನ ಕಾಲು ಬೆದರಲಿಲ್ಲ.

ಒಂದು ಕೊರತೆ ಅಲ್ಲೇ ಗೊತ್ತಾಗಿತ್ತು. ಟರ್ಬೊ ಎಂಜಿನ್ ತೀರಾ ಕಡಿಮೆ ವೇಗದಲ್ಲಿ ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಮೇಲೆ ರಸ್ತೆ ಸೇರುವಾಗ ಆ ನುಗ್ಗಾಟಕ್ಕೆ ಅಕ್ಕ ಎರಡು ಸಲ ಬ್ರೇಕ್ ಒತ್ತಿದಳು. ಅಭ್ಯಾಸವಾಗುತ್ತದೆ ಎಂದಳು. ಆಯಿತು ಕೂಡ.

ಬೆಳ್ಳಿ ಸೆಡಾನನ್ನು ಶೋರೂಮಿನವರು ಕೊಡದಿದ್ದರೂ ನಾವು ಬಿಡಲಿಲ್ಲ. ಅಕ್ಕನ ಶಾಲೆಯ ಸಹೋದ್ಯೋಗಿಯೊಬ್ಬರಲ್ಲಿ ಅದೇ ಕಾರು, ಎರಡು ವರ್ಷ ಹಳೆಯದು ಇತ್ತು. ಡೀಲರ್ ಕೊಡದ ಟೆಸ್ಟ್ ಡ್ರೈವ್ ಹೀಗೆ ಸಿಗುತ್ತದೆ, ಜೊತೆಗೆ ಎರಡು ವರ್ಷದ ಸರ್ವಿಸ್ ಬಿಲ್ಲುಗಳೂ ನೋಡಲು ಸಿಗುತ್ತವೆ. ಅಂಗಳಕ್ಕೆ ತಂದು ಐದು ಜನ ಕೂತು ಮೋರಿ ಹತ್ತಿಸಿದಾಗ ಹೊಟ್ಟೆಯಡಿಯಿಂದ ಕರ್ ಎಂದಿತು. ಕ್ಯಾಟಲಾಗಿನಲ್ಲಿ ಬರೆಯುವ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ) ಹೆಚ್ಚಾಗಿ ಖಾಲಿ ಗಾಡಿಯ ಲೆಕ್ಕ. ಜನ, ಲಗೇಜು ತುಂಬಿದ ಮೇಲೆ ಗಾಡಿ ಎಷ್ಟು ಕುಗ್ಗುತ್ತದೆ ಎಂಬುದನ್ನು ಮೋರಿಯೇ ಹೇಳಬೇಕು. ಸಹೋದ್ಯೋಗಿಯ ಮುಖ ನೋಡಿ ಅಕ್ಕ ಅಲ್ಲೇ ನಿಲ್ಲಿಸಿದಳು.

ಆದರೂ ಅದೇ ಕಾರಿನಲ್ಲಿ, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಭಾನುವಾರ ಆಗುಂಬೆ ಘಾಟಿ ಇಳಿದು ಸೋಮೇಶ್ವರದವರೆಗೆ ಹೋಗಿ ಬಂದೆವು. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಸಿವಿಟಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಬೇಕಿತ್ತು. ಇಳಿಯುವಾಗ ಮೊದಲ ನಾಲ್ಕು ತಿರುವು ಅಕ್ಕ ಮಾಮೂಲಿ ಓಟದ ಡಿ ಮೋಡಿನಲ್ಲೇ ಬ್ರೇಕ್ ಮೇಲೆ ಬ್ರೇಕ್ ಹಾಕಿಕೊಂಡು ಬಂದಳು. ಐದನೆಯದರ ಹೊತ್ತಿಗೆ ಬ್ರೇಕ್ ಪ್ಯಾಡಿನ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಮ್ಯಾನುಯಲ್ ಕಾರಿನಲ್ಲಿ ಅವಳು ಯೋಚಿಸದೆಯೇ ಎರಡನೇ ಗೇರಿಗೆ ಹಾಕುತ್ತಿದ್ದಳು. ಆಟೋಮ್ಯಾಟಿಕ್ಕಿಗೂ ಅದನ್ನು ಹೇಳಬೇಕಾಗುತ್ತದೆ. ಲಿವರನ್ನು ಕೆಳಗಿನ ಮೋಡಿಗೆ ಎಳೆಸಿದೆ. ಎಂಜಿನ್ ಗುರ್ ಎಂದು ಗಾಡಿಯನ್ನು ಹಿಡಿದುಕೊಂಡಿತು. ಉಳಿದ ತಿರುವುಗಳಲ್ಲಿ ಬ್ರೇಕು ತೋರಿಕೆಗೆ ಮಾತ್ರ. ಹತ್ತುವಾಗ ಸದ್ದು ಜಾಸ್ತಿ, ಎಳೆತ ಸಾಕಷ್ಟು. ಗೇರ್ ಬದಲಾಗುವ ಕುಲುಕಾಟ ಇಲ್ಲದ್ದರಿಂದ ಅಮ್ಮನಿಗೆ ಯಾವತ್ತೂ ಬರುವ ವಾಂತಿ ಬರಲಿಲ್ಲ. ತಂದಿದ್ದ ನಿಂಬೆಹಣ್ಣು ಹಾಗೇ ವಾಪಸ್ ಬಂತು.

ಅಲ್ಲಿಗೆ ಗೇರ್‌ಬಾಕ್ಸ್ ಸೆಡಾನಿನದು, ಎತ್ತರ ಎಸ್‌ಯುವಿಯದು ಎಂದಾಯಿತು. ಅಂದರೆ ಬಿಳಿ ಕಾರು.

ಕಿಂಡಿಯ ಬೆಲೆ

ಬಿಳಿ ಕಾರಿನಲ್ಲಿ ನಮಗೆ ಹೊಂದುವ ವೇರಿಯಂಟು ಎರಡು. ಒಂದರ ಎಕ್ಸ್ ಶೋರೂಮ್ ಬೆಲೆ, ಎಂದರೆ ರಿಜಿಸ್ಟ್ರೇಶನ್ ಮತ್ತು ವಿಮೆ ಸೇರದ ಬೆಲೆ, 9.85 ಲಕ್ಷ. ಸನ್‌ರೂಫ್ ಇರುವುದು 10.20 ಲಕ್ಷ. "ಬರೀ 35 ಸಾವಿರ ಡಿಫರೆನ್ಸ್ ಮೇಡಂ, ಮಗಳು ಆಸೆ ಪಡ್ತಿದ್ದಾರೆ" ಎಂದರು. ಅಕ್ಕ ಕರಗಿದಳು. ನಾನು ಕ್ಯಾಲ್ಕುಲೇಟರ್ ತೆಗೆದೆ.

ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆ ಬೆಲೆಯ ಮೇಲೆ ಹೋಗುತ್ತದೆ. 5 ಲಕ್ಷದಿಂದ 10 ಲಕ್ಷದವರೆಗೆ 14 ಪರ್ಸೆಂಟ್, 10 ದಾಟಿದರೆ 17. ಆ ತೆರಿಗೆಯ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. 9.85 ಲಕ್ಷದ ಗಾಡಿಗೆ 1,53,069 ರೂಪಾಯಿ ಬಂತು. 10.20 ಲಕ್ಷದ್ದಕ್ಕೆ 1,92,474. ಗೆರೆ ದಾಟಿದ್ದಕ್ಕೆ ತೆರಿಗೆಯಲ್ಲೇ 39 ಸಾವಿರ ಚಿಲ್ಲರೆ ಹೆಚ್ಚು. ಬೆಲೆಯ ವ್ಯತ್ಯಾಸ ಸೇರಿಸಿದರೆ 74,405. ಹತ್ತು ಲಕ್ಷ ಮೀರಿದ ಗಾಡಿಗೆ 1 ಪರ್ಸೆಂಟ್ ಟಿಸಿಎಸ್ (ಮಾರುವವರೇ ವಸೂಲು ಮಾಡುವ ಆದಾಯ ತೆರಿಗೆ) ಬೇರೆ ಕಟ್ಟಬೇಕು. ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು ಎನ್ನಿ. "ಕಿಂಡಿಗೆ ಎಪ್ಪತ್ನಾಲ್ಕು ಸಾವಿರವಾ?" ಎಂದರು ಭಾವ. ಮಲೆನಾಡಿನಲ್ಲಿ ವರ್ಷದ ನಾಲ್ಕು ತಿಂಗಳು ಆ ಕಿಂಡಿ ತೆರೆಯುವ ಹಾಗೂ ಇಲ್ಲ. ಮಗಳು ಎರಡು ದಿನ ಮಾತು ಬಿಟ್ಟಳು.

ಕೊಟೇಶನ್ನಿನ ಉಳಿದ ಸಾಲುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇನ್ಶೂರೆನ್ಸ್ 54 ಸಾವಿರ ಎಂದು ಬರೆದಿದ್ದರು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರ ಪ್ರೀಮಿಯಂ ಸರ್ಕಾರ ಗೊತ್ತು ಮಾಡಿದ್ದು, ಎಲ್ಲಿ ಮಾಡಿಸಿದರೂ ಅಷ್ಟೇ. ಆಟ ನಡೆಯುವುದು ನಮ್ಮ ಗಾಡಿಗೆ ಆಗುವ ಹಾನಿಯ ವಿಮೆಯಲ್ಲಿ. ಅದೇ ಐಡಿವಿ (ವಿಮೆಗೆ ಹಿಡಿಯುವ ಗಾಡಿಯ ಬೆಲೆ), ಅದೇ ಜೀರೋ ಡೆಪ್ರಿಸಿಯೇಶನ್ (ಬಿಡಿಭಾಗಗಳ ಸವಕಳಿ ಕಳೆಯದೆ ಕೊಡುವ ವಿಮೆ) ಇಟ್ಟು ಹೊರಗೆ ಕೇಳಿದರೆ ಒಟ್ಟು 39,500. ಆ ಕಾಗದ ತೋರಿಸಿದ ಹತ್ತು ನಿಮಿಷಕ್ಕೆ ಡೀಲರ್ 42 ಸಾವಿರಕ್ಕೆ ಇಳಿದರು. ಕ್ಲೇಮಿನ ಓಡಾಟ ತಪ್ಪಲಿ ಎಂದು ಅಲ್ಲೇ ಮಾಡಿಸಿದೆವು. ಹ್ಯಾಂಡ್ಲಿಂಗ್ ಚಾರ್ಜ್ 8,500 ಎಂಬ ಸಾಲಿಗೆ ರಸೀದಿ ಕೇಳಿದೆ. ಸಾಲೇ ಮಾಯವಾಯಿತು. ಹಳೆಯ ಕಾರನ್ನು ಎಕ್ಸ್‌ಚೇಂಜಿಗೆ ಕೊಡಲಿಲ್ಲ, ತೋಟದ ಕೆಲಸಕ್ಕೆ ಬರುವ ಹುಡುಗನೇ ಹೆಚ್ಚು ಕೊಟ್ಟು ಕೊಂಡ.

ನವೆಂಬರ್ ನಡುವಿಗೆ ಗಾಡಿ ಬಂತೆಂದು ಫೋನ್ ಬಂತು. ರಿಜಿಸ್ಟ್ರೇಶನ್‌ಗೆ ಹಣ ಕಟ್ಟುವ ಮೊದಲೇ ಹೋಗಿ ಯಾರ್ಡಿನಲ್ಲಿ ನೋಡಿದೆ. ಹೆಸರಿಗೆ ಆದಮೇಲೆ ಗೀರು ಕಂಡರೆ ಆ ಗೀರು ನಮ್ಮದು. ಚಾಸಿಸ್ ನಂಬರ್ ಇನ್ವಾಯ್ಸಿಗೆ ಹೊಂದಿತು, ತಯಾರಾದ ತಿಂಗಳು ಅಕ್ಟೋಬರ್. ಟಯರಿನ ಅಂಚಿನ ನಾಲ್ಕು ಅಂಕಿ ನೋಡಿದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಾಲ್ಕು ಟಯರ್ 3825, ಸ್ಟೆಪ್ನಿ ಮಾತ್ರ 2225. ಅದೇನೂ ದೊಡ್ಡದಲ್ಲ. ಎಡ ಹಿಂಬಾಗಿಲ ಕೆಳಗೆ ಬಣ್ಣದ ಹೊಳಪು ಒಂದು ಅಂಗೈಯಷ್ಟು ಜಾಗದಲ್ಲಿ ಬೇರೆ ಥರ ಕಂಡಿತು. ಬಿಸಿಲಿಗೆ ತರಿಸಿದೆ. ಧೂಳು ಒರೆಸಿದ ಗುರುತು, ಅಷ್ಟೆ. ಯಾರ್ಡಿನವರು ನಕ್ಕರು, ನಾನೂ ನಕ್ಕೆ.

ಮೂರು ತಿಂಗಳ ಮೇಲೆ

ಕೆಎ 14 ನಂಬರಿನ ಬಿಳಿ ಕಾರು ಈಗ ಮೂರು ಸಾವಿರ ಕಿಲೋಮೀಟರ್ ಓಡಿದೆ. ಭಾವನ ಲೆಕ್ಕದ ಪ್ರಕಾರ ಲೀಟರಿಗೆ 13 ಚಿಲ್ಲರೆ. ಕ್ಯಾಟಲಾಗಿನಲ್ಲಿ 18ರ ಹತ್ತಿರ ಇತ್ತು. ಪ್ರಯೋಗಾಲಯದ ರೋಲರ್ ಮೇಲೆ ಓಡಿಸಿ ಬಂದ ಅಂಕಿ ಅದು, ಅಲ್ಲಿ ಘಾಟಿ ಇಲ್ಲ ಎಂದು ಎಷ್ಟು ಸಲ ಹೇಳಿದರೂ ಬಂಕಿನಿಂದ ಬಂದಾಗಲೆಲ್ಲ ಫೋನ್ ಮಾಡುತ್ತಾರೆ. ಅಕ್ಕನ ಎಡಗಾಲು ಮೊದಲ ತಿಂಗಳು ಇಲ್ಲದ ಕ್ಲಚ್ಚನ್ನು ಹುಡುಕಿ ಬ್ರೇಕ್ ತುಳಿಯುತ್ತಿತ್ತು. ಆಮೇಲೆ ಎಡಗಾಲಿನ ಚಪ್ಪಲಿ ಬಿಚ್ಚಿ, ಕಾಲನ್ನು ಸೀಟಿನ ಅಡಿಗೆ ಸರಿಸಿಟ್ಟುಕೊಂಡು ಕಲಿತಳು. ಅಮ್ಮನ ಮಣೆಗೆ ಅಡಿಯಲ್ಲಿ ಸೈಕಲ್ ಟ್ಯೂಬಿನ ತುಂಡು ಹೊಡೆದಿದ್ದೇವೆ, ಕಾಂಕ್ರೀಟಿನ ಮೇಲೆ ಜಾರದಿರಲೆಂದು.

ಡಿಸೆಂಬರಿನಲ್ಲಿ ಒಂದು ರಾತ್ರಿ ಮಣಿಪಾಲದಿಂದ ವಾಪಸ್ ಬರುವಾಗ ಆಗುಂಬೆ ದಾಟಿದ ಮೇಲೆ ಇಬ್ಬನಿ ಮುಸುಕಿತಂತೆ. ರಸ್ತೆಯ ಬಿಳಿ ಗೆರೆ ಹತ್ತು ಅಡಿ ಮುಂದೆ ಕಾಣುತ್ತಿರಲಿಲ್ಲ, ದೀಪ ಮಂಕು, ಹೈ ಬೀಮ್ ಹಾಕಿದರೆ ಎದುರಿಗೆ ಬರೀ ಬಿಳಿ ಗೋಡೆ. ಮನೆ ತಲುಪಿದ್ದು ಹನ್ನೊಂದೂವರೆಗೆ. ಟೆಸ್ಟ್ ಡ್ರೈವ್‌ಗೆ ಬಂದಿದ್ದ ಗಾಡಿಯಲ್ಲಿ ಎಲ್‌ಇಡಿ ಹೆಡ್‌ಲೈಟ್, ಕೆಳಗೆ ಫಾಗ್ ಲ್ಯಾಂಪ್ ಎರಡೂ ಇದ್ದವು. ನಾವು ಕೊಂಡದ್ದರಲ್ಲಿ ಇರುವುದು ಮಾಮೂಲಿ ಹ್ಯಾಲೊಜೆನ್. ಟಯರ್, ಹಿಲ್ ಹೋಲ್ಡ್, ವೈಪರ್ ಎಲ್ಲ ಗುರುತು ಹಾಕಿಕೊಂಡಿದ್ದ ನನ್ನ ಚೀಟಿಯಲ್ಲಿ ದೀಪದ ಸಾಲೇ ಇರಲಿಲ್ಲ. ಎರಡೂ ಗಾಡಿಗಳನ್ನು ನಾವು ಓಡಿಸಿದ್ದು ಹಗಲಿನಲ್ಲಿ.

ಮರುದಿನ ಬೆಳಿಗ್ಗೆ ಅಕ್ಕನ ಮಗಳು ಫೋನ್ ಮಾಡಿದಳು. "ಮಾವ, ಕ್ಯಾಟಲಾಗು ನೋಡ್ದೆ. ಆ ದೀಪ ಎರಡೂ ಸನ್‌ರೂಫ್ ಇದ್ದ ವೇರಿಯಂಟಲ್ಲೇ ಇತ್ತು."